ಮೀನಖಂಡ

ಬೆಪ್ಪು ಅವಳ ಊರು. ನಗಬೇಡಿ,
ನಮ್ಮ ಅರ್ಥ ಜಪಾನಿಗೆ ತಲುಪಿಲ್ಲ.
ಅಲ್ಲಿ ಚರಂಡಿಯ ಜಾಲರಿಯಿಂದಲೂ ಹಬೆ ಏಳುತ್ತದೆ,
ನೆಲ ಸದಾ ಒಲೆಯ ಮೇಲೆ,
ಬೀದಿಗೊಂದು ಬಿಸಿನೀರ ಸ್ನಾನದಮನೆ.
ಚಿಜುರು, ಐವತ್ತೊಂದು ವಯಸ್ಸು,
ಮೂರು ಗಂಟೆಗೆದ್ದು ತೋಫು ಮಾಡುತ್ತಾಳೆ,
ಮಾರಿ ಮುಗಿದ ಮೇಲೆ ಓಡುತ್ತಾಳೆ.

ಮ್ಯಾರಥಾನಿಗೆ ಹದಿನಾರು ದಿನ ಇರುವಾಗ
ಕಡಲಂಚಿನ ರಸ್ತೆಯಲ್ಲಿ, ಕೋತಿಗಳ ಗುಡ್ಡದ ಕೆಳಗೆ
ಹಿಂದಿನಿಂದ ಯಾರೋ ಎಡಗಾಲಿಗೆ ಕಲ್ಲೆಸೆದರು.
ತಿರುಗಿದಳು. ಯಾರೂ ಇಲ್ಲ.
ಕೋತಿಗಳು ಚಳಿಗೆ ಒಂದನ್ನೊಂದು ಅಪ್ಪಿ ಕೂತಿದ್ದವು,
ಕಲ್ಲೆಸೆಯುವ ಉತ್ಸಾಹದಲ್ಲಿರಲಿಲ್ಲ.

ನಾವು ಮೀನಖಂಡ ಎನ್ನುವ ಜಾಗಕ್ಕೆ
ಅವಳ ಭಾಷೆಯ ಹೆಸರಿನಲ್ಲಿ ಮೀನಿಲ್ಲ.
ಆದರೂ ಆ ಹೊತ್ತು ಅಲ್ಲೊಂದು ಮೀನಿತ್ತು,
ಗಾಳ ನುಂಗಿ ಒದ್ದಾಡುತ್ತಿತ್ತು.

"ಸ್ನಾಯು ಹರಿದಿದೆ, ಸ್ವಲ್ಪ" ಎಂದ ಡಾಕ್ಟರು.
ಸ್ವಲ್ಪ ಎಷ್ಟೆಂದು ಬೆರಳಲ್ಲಿ ತೋರಿಸಿದ:
ಒಂದು ಸೋಯಾಕಾಳಿನಷ್ಟು.
"ಮೂರು ದಿನ ಐಸು. ಬಿಸಿನೀರು ಮುಟ್ಟಕೂಡದು."
ಯಾವ ಊರಲ್ಲಿ ಕೂತು ಇದನ್ನು ಹೇಳುತ್ತಿದ್ದೇನೆಂದು
ಕಿಟಕಿಯಾಚೆ ನೋಡಿ ಅವನಿಗೇ ಮುಜುಗರವಾಯಿತು.
"ಮುಂದಿನ ವರ್ಷ ಓಡಬಹುದಲ್ಲ?"

ಹೋದ ವರ್ಷ ಮೂವತ್ತೈದನೆಯ ಕಿಲೋಮೀಟರಿನಲ್ಲಿ
ಹನ್ನೊಂದು ಸೆಕೆಂಡು ತಡವೆಂದು
ಹಳದಿ ಕೋಟಿನ ಹುಡುಗ ಹಗ್ಗ ಎಳೆದು ಅಡ್ಡ ನಿಂತು
ಸೊಂಟ ಬಗ್ಗಿಸಿ ಕ್ಷಮೆ ಕೇಳಿದ್ದ.
ಬೈದಿದ್ದರೆ ಮರೆತುಹೋಗುತ್ತಿತ್ತು.
ಡಾಕ್ಟರಿಗೆ ಇದನ್ನೆಲ್ಲ ಅವಳು ಹೇಳಲಿಲ್ಲ.

ಮೀನಂಗಡಿಯ ಕಾನೆಮಾರು
ಬಂಗುಡೆ ಪೆಟ್ಟಿಗೆಯ ತಳದಿಂದ ಐಸು ಬಗೆದು ಕೊಟ್ಟ.
ದುಡ್ಡು ಬೇಡ, ಒಂದಚ್ಚು ತೋಫು ಸಾಕು ಎಂದ.
ಮೂರು ರಾತ್ರಿ ಕಾಲು ಬಂಗುಡೆ ನಾತ ಹೊಡೆಯಿತು.
ಪಕ್ಕದ ಮನೆಯ ಬೆಕ್ಕು ಹಾಸಿಗೆಯ ತನಕ ಬಂದು
ವಿಚಾರಿಸಿಕೊಂಡು ಹೋಯಿತು.

ಸ್ನಾನದಮನೆಯ ಅಜ್ಜಿಯರು ಮಾತ್ರ ಒಪ್ಪಲಿಲ್ಲ.
"ಈ ನೀರಿನಿಂದ ನನ್ನ ಸೊಂಟ ನೆಟ್ಟಗಾಯಿತು,
ನನ್ನ ಮಾವನ ಬಾಯಿಯೇ ನೆಟ್ಟಗಾಯಿತು" ಎಂದಳು ತೊಯೊನೊ,
ಗೂನುಬೆನ್ನಿನ ಮೇಲೆ ನೀರು ಹೊಯ್ದುಕೊಳ್ಳುತ್ತ.
ಚಿಜುರು ಹೊಸ್ತಿಲಲ್ಲೇ ನಿಂತಳು.
ಹಬೆ ಬಂದು ಮುಖವನ್ನಷ್ಟೇ ತೊಳೆಯಿತು.

ಹನ್ನೊಂದು ದಿನ ಉಳಿದಾಗ
ಒಂಟಿಗಾಲಲ್ಲಿ ನಿಂತು ಹಿಮ್ಮಡಿ ಎತ್ತಿದಳು, ಒಂದು ಸಲ.
ಒಂಬತ್ತು ಉಳಿದಾಗ ನಾಲ್ಕು ಸಲ.
ಗೋಡೆಯ ಮೇಲೆ, ಉದ್ರಿ ಲೆಕ್ಕದ ಪಕ್ಕ,
ಸೀಮೆಸುಣ್ಣದ ಗೆರೆಗಳು.
ಏಳು ಉಳಿದಾಗ ಹದಿನಾಲ್ಕಕ್ಕೆ ಹಿಗ್ಗಿ
ಹಿತ್ತಲಲ್ಲಿ ನಾಲ್ಕು ಹೆಜ್ಜೆ ಓಡಿಯೇಬಿಟ್ಟಳು.
ಗೆರೆಗಳನ್ನೆಲ್ಲ ಅಂಗೈಯಲ್ಲಿ ಒರೆಸಿ
ಮತ್ತೆ ಒಂದರಿಂದ.
ಆ ದಿನಗಳಲ್ಲಿ ಬಲಗಾಲು ಇಬ್ಬರ ಕೆಲಸ ಮಾಡಿತು,
ಅದನ್ನು ಯಾರೂ ಕೇಳಲಿಲ್ಲ.

ಓಟದ ಹಿಂದಿನ ಸಂಜೆ
ಅಂಗಡಿ ತೊಳೆದು, ಒದ್ದೆ ನೆಲದ ಮೇಲೆ
ಎಡಗಾಲೊಂದರಲ್ಲಿ ನಿಂತಳು.
ಇಪ್ಪತ್ತಮೂರರ ಹತ್ತಿರ ಮೀನು ಒಮ್ಮೆ ಬಾಲ ಆಡಿಸಿತು.
ನೋವೋ, ನೋವಿನ ನೆನಪೋ,
ಅದಕ್ಕೂ ಗೊತ್ತಿದ್ದಂತಿರಲಿಲ್ಲ.
ಎಣಿಕೆ ನಿಲ್ಲಿಸಿದಳು.

ದಿನಾ ಈ ಹೊತ್ತಿಗೆ ನಾಳೆಯ ಕಾಳು ನೆನೆಯಬೇಕು.
ಇಪ್ಪತ್ತು ವರ್ಷ ಪಳಗಿದ ಕೈ ತಾನಾಗಿ ಮೂಟೆಯೊಳಗೆ ಹೋಗಿ
ಬೊಗಸೆ ತುಂಬಿಕೊಂಡು ನಿಂತಿತ್ತು.
ಚಿಜುರು ಅದನ್ನು ನೋಡಿದಳು.
ಕಾಳನ್ನು ಮೂಟೆಗೇ ಸುರಿದು
ಬಕೆಟ್ಟನ್ನು ಬೋರಲು ಹಾಕಿದಳು.